ಗಡ್ಡದ ಮರೆಯ ಗದ್ದ

ನನ್ನ ಗಡ್ಡವನ್ನು ಕಂಡು ವೈರಾಗ್ಯವೆಂದು ತಿಳಿದವರುಂಟು, ಸೋಮಾರಿತನವೆಂದವರೂ ಉಂಟು. ನಿಜ ಸಂಗತಿ ಇಷ್ಟೆ: ನನಗೆ ಗದ್ದವೆಂಬುದು ಹೆಸರಿಗೆ ಮಾತ್ರ. ಕೆಳದವಡೆ ಹಿಂದಕ್ಕೆ ಸರಿದಿದೆ. ಶಾಲೆಯಲ್ಲಿ ಅದಕ್ಕೊಂದು ಅಡ್ಡಹೆಸರಿತ್ತು. ಗಡ್ಡ ಬೆಳೆದ ಮೇಲೆ ಗದ್ದದೊಡನೆ ಆ ಹೆಸರೂ ಮುಚ್ಚಿಹೋಯಿತು.

ಹನ್ನೊಂದು ವರ್ಷದ ಮೊಮ್ಮಗಳಿಗೂ ಈ ಪಿತ್ರಾರ್ಜಿತ ಬಂದಿದೆ. ಗಡ್ಡದ ಸೌಕರ್ಯ ಮಾತ್ರ ಅವಳಿಗಿಲ್ಲ. ನಗುವಾಗ ಅವಳು ಬಾಯಿಗೆ ಕೈ ಅಡ್ಡ ಹಿಡಿಯತೊಡಗಿದ್ದನ್ನು ಕಂಡು ನನ್ನ ಎದೆ ಚುರುಕ್ಕೆಂದಿತು. ಹಿರಿಯಡ್ಕದಲ್ಲಿ ಬಸ್ಸು ಹತ್ತಿ, ಆತ್ರಾಡಿ, ಪರ್ಕಳ ದಾಟಿ ಮಣಿಪಾಲಕ್ಕೆ ಕರೆದೊಯ್ದೆ. ಅಲ್ಲಿಯ ದಂತವೈದ್ಯ ಕಾಲೇಜು ತೆರೆದದ್ದು 1965ರಲ್ಲಿ. ಆಗ ನಾನೂ ಹೆಚ್ಚುಕಡಿಮೆ ಇವಳಷ್ಟೇ ಇದ್ದೆ. ಹಲ್ಲುನೋವಿಲ್ಲದ ಹುಡುಗನನ್ನು ಹಲ್ಲಿನ ವೈದ್ಯರ ಬಳಿಗೆ ಒಯ್ಯಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಲೇಸರ್ ಬೆಳಕು ಬಿಟ್ಟು ದವಡೆ ಬೆಳೆಸುತ್ತಾರಂತೆ ಎಂದು ಯಾರೋ ಹೇಳಿದ್ದರು. ಅದನ್ನೇ ಕೇಳಿದೆ. ವೈದ್ಯೆ ಬೇಸರಿಸದೆ ತಿಳಿಸಿದರು: ಕಿವಿಯ ಮುಂದೆ, ದವಡೆಯ ಕೀಲಿನ ತುದಿಯಲ್ಲಿ ಮೃದ್ವಸ್ಥಿಯ ಒಂದು ಟೊಪ್ಪಿಗೆಯಿದೆ. ಎಳೆಯ ವಯಸ್ಸಿನಲ್ಲಿ ಅದು ಬೆಳೆಬೆಳೆದು ಎಲುಬಾಗುತ್ತ ಹೋದಂತೆ ದವಡೆ ಉದ್ದವಾಗುತ್ತದೆ. 1967ರಲ್ಲಿ ಬುಡಾಪೆಸ್ಟಿನ ಎಂಡ್ರೆ ಮೆಸ್ಟರ್ ಎಂಬ ವೈದ್ಯರು ಬೋಳಿಸಿದ ಇಲಿಗಳ ಮೈಮೇಲೆ ಮಂದ ಲೇಸರ್ ಹಾಯಿಸಿದಾಗ ಕೂದಲು ಬೇಗ ಚಿಗುರಿತು. ಸುಡದ ಬೆಳಕೂ ಜೀವಕೋಶಗಳನ್ನು ಚುರುಕುಗೊಳಿಸಬಲ್ಲದೆಂಬ ವಿಚಾರ ಅಲ್ಲಿಂದ ಬೆಳೆಯಿತು. ಇಲಿ, ಮೊಲಗಳ ದವಡೆಯ ಕೀಲಿನಲ್ಲಿ ಮೃದ್ವಸ್ಥಿ ಹೆಚ್ಚಿದ್ದನ್ನು ಕಂಡ ಪ್ರಯೋಗಗಳೂ ಇವೆ.

“ಆದರೆ ಅಜ್ಜ, ಇವಳು ಮೊಲವಲ್ಲವಲ್ಲ! ಮಕ್ಕಳ ವಿಷಯದಲ್ಲಿ ಅದಿನ್ನೂ ಗಟ್ಟಿಯಾಗಿ ಸಿದ್ಧಪಟ್ಟಿಲ್ಲ,” ಎಂದರು.

ನನ್ನ ಬೆಳಕು ಆರಿತು. ಮುಂದಿನ ಭೇಟಿಯಲ್ಲಿ ಸಿಕ್ಕಿದ್ದು ಟ್ವಿನ್ ಬ್ಲಾಕ್ ಎಂಬ ಸಾಧನ: ಮೇಲಕ್ಕೊಂದು, ಕೆಳಕ್ಕೊಂದು ತಟ್ಟೆ. ಅವುಗಳ ಇಳಿಜಾರು ಒಂದಕ್ಕೊಂದು ತಾಗಿ, ಬಾಯಿ ಮುಚ್ಚಿದೊಡನೆ ಕೆಳದವಡೆ ಮುಂದೆ ಬರುತ್ತದೆ. ತಿಂಗಳುಗಟ್ಟಲೆ ಹಾಕಿಕೊಳ್ಳಬೇಕು, ಬೆಳೆಯುವ ಪ್ರಾಯ ದಾಟಿದರೆ ಅದರ ಆಟ ಅಷ್ಟು ನಡೆಯದು. ಬೆಳಕಿಗಿಂತ ತಾಳ್ಮೆಯೇ ಅಲ್ಲಿ ಮದ್ದು.

ಹಿಂದಿರುಗುವ ಬಸ್ಸಿನಲ್ಲಿ ಅವಳು ಮುಖ ಊದಿಸಿ ಕುಳಿತಿದ್ದಳು. ಬಹಳ ಹೊತ್ತಿನ ಮೇಲೆ, ತೊದಲುತ್ತ, “ನಿಮಗೇನು ಗೊತ್ತು ಅಜ್ಜ, ಗದ್ದವಿಲ್ಲದವರ ಕಷ್ಟ?” ಎಂದಳು.

ಅರುವತ್ತು ವರ್ಷದ ಗುಟ್ಟು. ಅತ್ತಿತ್ತ ನೋಡಿ, ಗಡ್ಡವನ್ನು ಎರಡೂ ಕೈಯಿಂದ ಒತ್ತಿಹಿಡಿದು, ಅವಳ ಕಡೆಗೆ ಪಕ್ಕವಾಗಿ ತಿರುಗಿದೆ.

ಅವಳು ಕಣ್ಣರಳಿಸಿ ನೋಡಿದಳು. ಬಳಿಕ ಬಸ್ಸಿನವರೆಲ್ಲ ತಿರುಗುವಂತೆ ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿಯುವುದು ಮರೆತೇಹೋಗಿತ್ತು.