ಗೂಡು ಕಾಯುವುದಿಲ್ಲ

2022ರ ಆಗಸ್ಟ್ ಕೊನೆಯಲ್ಲಿ ರಾಮನಗರದಲ್ಲಿ ಸುರಿದ ಮಳೆಯನ್ನು ಈ ಕಡೆಯವರು ಮರೆತಿರಲಾರರು. ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೇ ನೀರು ನಿಂತು ಬಸ್ಸು, ಕಾರುಗಳು ಸಿಕ್ಕಿಕೊಂಡ ಚಿತ್ರಗಳನ್ನು ಎಲ್ಲರೂ ಫೋನಿನಲ್ಲಿ ನೋಡಿದ್ದರು. ನಾನು ಬೆಂಗಳೂರಿನ ಆಫೀಸಿನಲ್ಲಿ ಕೂತು ಬೇರೆಯದೇ ಒಂದು ಚಿತ್ರ ನೋಡುತ್ತಿದ್ದೆ. ಅದು ಚಿಕ್ಕಪ್ಪ ಕಳಿಸಿದ್ದು. ಅವರ ನೂಲು ಬಿಚ್ಚಾಣಿಕೆ ಘಟಕದ ಹಿಂದಿನ ಕೋಣೆಯಲ್ಲಿ, ಮೇಜಿನ ಕೆಳಗಿದ್ದ ಸರ್ವರ್ ಕೆಂಪು ನೀರಿನಲ್ಲಿ ಅರ್ಧ ಮುಳುಗಿ ನಿಂತಿತ್ತು.

ಅದನ್ನು ಅಲ್ಲಿ ಇಟ್ಟವನು ನಾನೇ. ಕಂಪ್ಯೂಟರ್ ಕೆಲಸದಲ್ಲಿರುವ ಹುಡುಗ ಅಂತ ಮನೆಯವರು ನನ್ನನ್ನೇ ಕೇಳಿದ್ದರು. ಒಳ್ಳೆಯ ಯಂತ್ರ ಕೊಡಿಸಿದ್ದೆ, ಯುಪಿಎಸ್ ಹಾಕಿಸಿದ್ದೆ. ದಿನವೂ ಬ್ಯಾಕಪ್ ಆಗಲೆಂದು ಹೊರಗಿನ ಹಾರ್ಡ್ ಡಿಸ್ಕ್ ಒಂದನ್ನು ಜೋಡಿಸಿ, ಅದನ್ನು ಜಾಣನಂತೆ ಆ ಸರ್ವರ್ ಪಕ್ಕದಲ್ಲೇ ಇಟ್ಟಿದ್ದೆ. ಎರಡೂ ಒಟ್ಟಿಗೇ ಮುಳುಗಿದವು.

ಹೋದದ್ದು ಬರೀ ಲೆಕ್ಕವಲ್ಲ. ರೇಷ್ಮೆ ಗೂಡು ಕಾಯುವ ಸರಕಲ್ಲ. ಹುಳು ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಪತಂಗ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ಆಮೇಲೆ ಆ ಗೂಡಿನಿಂದ ಉದ್ದನೆಯ ಎಳೆ ಬಿಚ್ಚಲಾಗದು. ಹಾಗಾಗಿ ಕನಕಪುರದ ರೈತನಿಗೆ ಮಾರುವ ಅವಸರ, ಚಿಕ್ಕಪ್ಪನಿಗೆ ಕೊಳ್ಳುವ ಅವಸರ. ನಾಳೆ ಮಾರುಕಟ್ಟೆಯಲ್ಲಿ ಕೂಗಬೇಕೆಂದರೆ ಇವತ್ತು ಕೈಯಲ್ಲಿ ದುಡ್ಡಿರಬೇಕು. ದುಡ್ಡು ಬರಬೇಕಾದದ್ದು ನೂಲು ಸಾಲ ಒಯ್ದವರಿಂದ. ಯಾರು ಎಷ್ಟು ಕೊಡಬೇಕು ಅನ್ನುವುದು ಸರ್ವರಿನಲ್ಲಿತ್ತು.

ನಮ್ಮನ್ನು ಉಳಿಸಿದ್ದು ಗುಮಾಸ್ತರ ಪುಸ್ತಕ. ಕಂಪ್ಯೂಟರ್ ಬಂದ ಮೇಲೂ ಅವರು ಕೆಂಪು ಬಟ್ಟೆಯ ರಟ್ಟಿನ ಖಾತೆ ಬರೆಯುವುದನ್ನು ಬಿಟ್ಟಿರಲಿಲ್ಲ. ನಾನು ಅದನ್ನು ನೋಡಿ ನಕ್ಕಿದ್ದೆ. ಅದು ಮಹಡಿಯ ಮೇಲಿನ ಕಪಾಟಿನಲ್ಲಿ ಒಣಗಿಕೊಂಡು ಕೂತಿತ್ತು.

ನೀರಿಳಿದ ಮೇಲೆ ಪ್ರಶ್ನೆ ಎದ್ದಿತು: ಇನ್ನೊಂದು ಸರ್ವರ್ ಕೊಳ್ಳುವುದೋ, ಕ್ಲೌಡಿಗೆ ಹೋಗುವುದೋ?

ಚಿಕ್ಕಪ್ಪನಿಗೆ ವ್ಯತ್ಯಾಸ ಹೇಳಲು ಚನ್ನಪಟ್ಟಣದ ಗೊಂಬೆಯೇ ಬೇಕಾಯಿತು. ಹಳೆಯ ಪದ್ಧತಿ ಅಚ್ಚಿನಂತೆ. ಲೆಕ್ಕ ಮಾಡಲು ಒಂದು ಪೆಟ್ಟಿಗೆ, ಕೂಡಿಡಲು ಒಂದು, ಜಾಲ ಕಾಯಲು ಒಂದು. ಒಂದೊಂದಕ್ಕೂ ಒಂದೇ ಕೆಲಸ. ಬೇರೆ ಆಕಾರ ಬೇಕೆಂದರೆ ಬೇರೆ ಅಚ್ಚು ಕೊಳ್ಳಬೇಕು. ಹೊಸದು ಲೇಥಿನಂತೆ. ಅದೇ ಲೇಥ್, ಅದೇ ಆಲೆ ಮರ. ಗಿಲಕಿಯೋ ಬಳೆಯೋ ಅನ್ನುವುದು ಕುಶಲಕರ್ಮಿಯ ಉಳಿಯಲ್ಲಿದೆ. ಹಾಗೆಯೇ ಇಲ್ಲಿ ಸಾವಿರಾರು ಸಾಮಾನ್ಯ ಯಂತ್ರಗಳನ್ನು ಒಟ್ಟುಗೂಡಿಸಿ, ಯಾವ ಪಾಲು ಉಗ್ರಾಣ, ಯಾವುದು ಗೋಡೆ, ಯಾವುದು ಬಾಗಿಲು ಎಂದು ತಂತ್ರಾಂಶವೇ ನಿರ್ಧರಿಸುತ್ತದೆ. ಅಮೆಜಾನ್ 2006ರಲ್ಲಿ ಇಂಥ ಯಂತ್ರಗಳನ್ನು ಬಾಡಿಗೆಗೆ ಕೊಡತೊಡಗಿತು. 2016ರಲ್ಲಿ ಮುಂಬೈಯಲ್ಲೂ ಅದರ ಕೇಂದ್ರ ಬಂತು. ಅಂದರೆ ನಮ್ಮ ಲೆಕ್ಕ ಸಮುದ್ರ ದಾಟಬೇಕಾಗಿಲ್ಲ.

"ಕಾಣದ ಊರಲ್ಲಿ ನಮ್ಮ ಲೆಕ್ಕ ಇಡೋದಾ?" ಅಂದರು. ನಾನು ಪಹಣಿಯ ಮಾತು ತೆಗೆದೆ. ಕರ್ನಾಟಕದ 'ಭೂಮಿ' ಯೋಜನೆ ಶುರುವಾದಾಗ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆಗ ಆಯಾ ತಾಲ್ಲೂಕು ಕಚೇರಿಯಲ್ಲೇ ಅದರದರ ಸರ್ವರ್ ಇರುತ್ತಿತ್ತು. ಆಮೇಲೆ ಅವೆಲ್ಲ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋದವು. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಗಡಿ ಹೊಲವೇ ಅಲ್ಲಿಗೆ ಹೋಗಿದೆ, ಇದೇನು ದೊಡ್ಡದು" ಅಂದರು.

ಆದರೆ ದುಡ್ಡಿನ ಲೆಕ್ಕ ಅಷ್ಟು ಸಲೀಸಲ್ಲ. ಹಬ್ಬದಲ್ಲಿ ಹತ್ತುಪಟ್ಟು ಏರಿ ಆಮೇಲೆ ಇಳಿಯುವ ವ್ಯಾಪಾರಕ್ಕೆ ಬಾಡಿಗೆ ಅಗ್ಗ. ವರ್ಷವಿಡೀ ಒಂದೇ ಸಮ ಓಡುವ ಕೆಲಸಕ್ಕೆ ಸ್ವಂತ ಯಂತ್ರವೇ ಅಗ್ಗವಾಗುವುದುಂಟು. ನಮ್ಮದು ಎರಡನೆಯ ಬಗೆ. ಐದು ವರ್ಷದ ಬಾಡಿಗೆ ಕೂಡಿಸಿದರೆ ಹೊಸ ಸರ್ವರಿನ ಬೆಲೆಯನ್ನು ಮೀರುತ್ತಿತ್ತು. ಯುಪಿಎಸ್ ಬ್ಯಾಟರಿ, ರಿಪೇರಿ, ನನ್ನ ಭಾನುವಾರಗಳನ್ನು ಸೇರಿಸಿದಾಗ ಎರಡೂ ಹೆಚ್ಚುಕಡಿಮೆ ಸಮವಾದವು. ಕೊನೆಗೆ ತೂಕ ತಪ್ಪಿಸಿದ್ದು ಆ ಕೆಂಪು ನೀರು.

ಆದರೂ ಎಲ್ಲವನ್ನೂ ಕಳಿಸಲಿಲ್ಲ. ತೂಕದ ಬಿಲ್ಲು ಬರೆಯುವ ಸಣ್ಣ ಕಂಪ್ಯೂಟರ್ ಅಂಗಡಿಯಲ್ಲೇ ಉಳಿಯಿತು, ಈ ಸಲ ಮಹಡಿಯ ಮೇಲೆ. ಇಂಟರ್ನೆಟ್ ಹೋದರೂ ಬಿಲ್ಲು ನಿಲ್ಲಬಾರದು. ಲೈನ್ ಬಂದಾಗ ಅದು ತಾನೇ ಮೇಲಕ್ಕೆ ಕಳಿಸುತ್ತದೆ. ಬಾಕಿಯ ಖಾತೆ ಮುಂಬೈಗೆ ಹೋಯಿತು, ಅದರ ಪ್ರತಿ ಇನ್ನೊಂದು ಊರಿಗೆ.

ಮೂರನೇ ತಿಂಗಳು ನನ್ನ ಜಂಬ ಇಳಿಯಿತು. ಬೆಂಗಳೂರಿನ ಮನೆಯಲ್ಲಿ ರಾತ್ರಿ ಕೂತು ಭದ್ರತೆಯ ನಿಯಮವೊಂದನ್ನು ಬದಲಿಸಿದೆ. ಒಂದೇ ಸಾಲು. ಬೆಳಿಗ್ಗೆ ಚಿಕ್ಕಪ್ಪ ಮಾರುಕಟ್ಟೆಗೆ ಹೊರಡುವ ಹೊತ್ತಿಗೆ ಖಾತೆ ಯಾರಿಗೂ ತೆರೆಯಲಿಲ್ಲ. ಗೋಡೆ ಕಟ್ಟುವುದು ಬರವಣಿಗೆಯಷ್ಟು ಸುಲಭವಾದಾಗ, ಬಾಗಿಲೇ ಇಲ್ಲದ ಗೋಡೆ ಕಟ್ಟುವುದೂ ಅಷ್ಟೇ ಸುಲಭ. ಹಳೆಯ ಪೆಟ್ಟಿಗೆಯಲ್ಲಾದರೆ ಇಂಥ ತಪ್ಪು ಮಾಡಲು ಬಸ್ಸು ಹತ್ತಿ ರಾಮನಗರಕ್ಕೆ ಹೋಗಬೇಕಿತ್ತು. ಫೋನಿನಲ್ಲಿ ಚಿಕ್ಕಪ್ಪ ಬಯ್ಯಲಿಲ್ಲ. "ನೀರು ಬಂದಾಗ ಒಂದು ಕೋಣೆ ಮುಳುಗಿತ್ತಪ್ಪ, ನೀನು ಬಂದಾಗ ಇಡೀ ಅಂಗಡಿ" ಅಂದರು ಅಷ್ಟೆ.

ಆವತ್ತೂ ಅವರು ಗುಮಾಸ್ತರ ಪುಸ್ತಕ ನೋಡಿಕೊಂಡೇ ಮಾರುಕಟ್ಟೆಗೆ ಹೋದರು.

ಈಗ ಪ್ರತಿ ಶನಿವಾರ ನಾನು ಆ ಇನ್ನೊಂದು ಊರಿನ ಪ್ರತಿಯಿಂದ ಖಾತೆಯನ್ನು ಮತ್ತೆ ಎಬ್ಬಿಸಿ ನೋಡುತ್ತೇನೆ. ತೆರೆದು ನೋಡದ ಬ್ಯಾಕಪ್ ಬರೀ ನಂಬಿಕೆ. ಗುಮಾಸ್ತರು ತಮ್ಮ ಮೊತ್ತ ಓದುತ್ತಾರೆ, ನಾನು ನನ್ನದನ್ನು ಓದುತ್ತೇನೆ. ಕಳೆದ ತಿಂಗಳು 40 ರೂಪಾಯಿ ವ್ಯತ್ಯಾಸ ಬಂತು. ಇಬ್ಬರೂ ಮತ್ತೆ ಕೂಡಿಸಿದೆವು. ತಪ್ಪು ಪುಸ್ತಕದ್ದಾಗಿರಲಿಲ್ಲ.