ಪಾಸ್ ವಾಪಸ್ ಕೊಟ್ಟವರು

ಸೈನಿಕನಿಗೆ ರೆಜಿಮೆಂಟ್ ಇರುತ್ತದೆ. ಅವನ ಬಗ್ಗೆ ಬರೆಯುವ ವರದಿಗಾರನಿಗೆ ಏನಿರುತ್ತದೆ? ಅಮೆರಿಕದಲ್ಲಿ ಈ ಪ್ರಶ್ನೆಗೆ 2002ರಲ್ಲಿ ಒಂದು ಉತ್ತರ ಹುಟ್ಟಿತು. ಸೇನೆಯ ಸುದ್ದಿ ಬರೆಯುವ ಪತ್ರಕರ್ತರು ‘ಮಿಲಿಟರಿ ರಿಪೋರ್ಟರ್ಸ್ ಅಂಡ್ ಎಡಿಟರ್ಸ್’ ಎಂಬ ಸಂಘ ಕಟ್ಟಿಕೊಂಡರು. ಸೇನೆ ಮತ್ತು ಪತ್ರಿಕೆಗಳ ನಡುವಿನ ಸಂಬಂಧ ನನ್ನ ಪಿಎಚ್.ಡಿ. ವಿಷಯ. ಎಂ.ಎ.ಯಲ್ಲಿ ಜತೆಗೆ ಓದಿದ ಗೆಳತಿಯೊಬ್ಬಳು ಈಗ ಅಲ್ಲಿನ ಸಣ್ಣ ಪತ್ರಿಕೆಯೊಂದಕ್ಕೆ ನೌಕಾನೆಲೆಯ ಸುದ್ದಿ ಬರೆಯುತ್ತಾಳೆ. ಆ ಪತ್ರಿಕೆಯಲ್ಲಿ ಈ ಕೆಲಸಕ್ಕೆ ಇರುವುದು ಅವಳೊಬ್ಬಳೇ. ‘ಸಂಘಕ್ಕೆ ಸೇರಲೇನೇ, ಇಲ್ಲಾ ಅದೂ ದುಡ್ಡು ದಂಡವಾ?’ ಎಂದು ನನ್ನನ್ನು ಕೇಳಿದಳು.

ಸೇರು ಎನ್ನುವುದಕ್ಕೆ ಚರಿತ್ರೆಯಲ್ಲಿ ಕಾರಣಗಳಿವೆ. 1983ರ ಅಕ್ಟೋಬರ್‌ನಲ್ಲಿ ಅಮೆರಿಕದ ಸೇನೆ ಗ್ರೆನಡಾ ದ್ವೀಪಕ್ಕೆ ನುಗ್ಗಿದಾಗ ಮೊದಲೆರಡು ದಿನ ಪತ್ರಕರ್ತರನ್ನು ಹತ್ತಿರವೇ ಬಿಟ್ಟುಕೊಳ್ಳಲಿಲ್ಲ. ಗದ್ದಲವಾದ ಮೇಲೆ ಸಮಿತಿಯೊಂದು ಕೂತು, ಆಯ್ದ ಕೆಲವರನ್ನು ಕರೆದೊಯ್ಯುವ ‘ಪೂಲ್’ ಪದ್ಧತಿಯನ್ನು ಸೂಚಿಸಿತು. 1991ರ ಕೊಲ್ಲಿ ಯುದ್ಧದಲ್ಲಿ ಪೂಲ್ ಎಂದರೆ ಬೆಂಗಾವಲಿನಲ್ಲಿ ಓಡಾಡಿ, ವರದಿಯನ್ನು ಅಧಿಕಾರಿಗಳಿಗೆ ತೋರಿಸಿ ಕಳಿಸುವುದು ಎಂದಾಯಿತು. 2003ರಲ್ಲಿ ಇರಾಕ್‌ಗೆ ಹೊರಟಾಗ ಸುಮಾರು 600 ವರದಿಗಾರರು ಸೇನಾ ತುಕಡಿಗಳ ಜತೆಯಲ್ಲೇ ಉಂಡು ಮಲಗಿದರು. ಪ್ರತಿಸಲವೂ ಬಾಗಿಲು ಎಷ್ಟು ತೆರೆಯಬೇಕೆಂದು ತೀರ್ಮಾನಿಸಿದ್ದು ಒಳಗಿದ್ದವರು. ಹೊರಗೆ ಒಂಟಿಯಾಗಿ ನಿಂತವರ ಬಡಿತ ಅವರಿಗೆ ಕೇಳಿಸುವುದು ಕಷ್ಟ.

ಇದು ನನಗೆ ಬರೀ ಪುಸ್ತಕದ ವಿಷಯವಲ್ಲ. 1999ರಲ್ಲಿ ಕಾರ್ಗಿಲ್ ಯುದ್ಧ ನಡೆದಾಗ ಅಪ್ಪ ಸೇನೆಯಲ್ಲಿದ್ದರು, ನನಗೆ ಎರಡು ವರ್ಷ. ಬೈಲಹೊಂಗಲದ ಹತ್ತಿರದ ನಮ್ಮೂರಲ್ಲಿ ಅವ್ವ ರೇಡಿಯೋ ಮುಂದೆ ಕೂತೇ ಆ ಬೇಸಿಗೆ ಕಳೆದಳಂತೆ. ಅಪ್ಪ ಎಲ್ಲಿದ್ದಾರೆಂದು ಪತ್ರದಲ್ಲಿ ಇರುತ್ತಿರಲಿಲ್ಲ. ಯಾವ ಶಿಖರ ವಶವಾಯಿತು ಎಂಬ ಸುದ್ದಿ ಬರುತ್ತಿತ್ತು. ಅದಕ್ಕೆ ಎಷ್ಟು ಜನ ಹೋದರು ಎಂಬುದಕ್ಕೇ ಅವಳು ಕಿವಿಗೊಟ್ಟಿರುತ್ತಿದ್ದಳು. ಗೆಳತಿಯ ಪ್ರಶ್ನೆಯನ್ನು ಹೇಳಿದಾಗ ಅವ್ವ ಅಂದದ್ದಿಷ್ಟು: ‘ಅವ್ರು ಹೇಳಿದ್ದನ್ನ ಬರಿಯಾಕ ಸಂಘ ಯಾಕ ಬೇಕ?’

ನನ್ನ ಅನುಮಾನವೂ ಅಲ್ಲೇ ಇತ್ತು. ದಿನವೂ ಅಧಿಕಾರಿಗಳ ನಡುವೆ ಓಡಾಡುವ ವರದಿಗಾರ ಮೆಲ್ಲಗೆ ಅವರ ಭಾಷೆ ಕಲಿಯುತ್ತಾನೆ, ಆಮೇಲೆ ಅವರ ಮೌನವನ್ನೂ. ವಿಯೆಟ್ನಾಂನ ಮೈ ಲಾಯ್ ಹತ್ಯಾಕಾಂಡವನ್ನು 1969ರಲ್ಲಿ ಬಯಲಿಗೆಳೆದ ಸೇಮೂರ್ ಹರ್ಷ್ ಯಾವ ತುಕಡಿಯ ಜತೆಗೂ ಇರಲಿಲ್ಲ. ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಗಾಯಾಳು ಸೈನಿಕರು ಪಡುತ್ತಿದ್ದ ಪಾಡನ್ನು 2007ರಲ್ಲಿ ‘ವಾಷಿಂಗ್ಟನ್ ಪೋಸ್ಟ್’ನಲ್ಲಿ ಬರೆದ ಡೇನಾ ಪ್ರೀಸ್ಟ್ ಮತ್ತು ಆ್ಯನ್ ಹಲ್, ಅಧಿಕಾರಿಗಳ ಅನುಮತಿ ಕೇಳದೆಯೇ ತಿಂಗಳುಗಟ್ಟಲೆ ಅಲ್ಲಿ ಓಡಾಡಿದ್ದರು. ಎರಡೂ ಸುದ್ದಿ ಬಂದದ್ದು ಪತ್ರಿಕಾಗೋಷ್ಠಿಯಿಂದಲ್ಲ, ಸೈನಿಕರ ಬಾಯಿಂದ.

ಹಾಗಾದರೆ ಸಂಘ ಯಾಕೆ? ನನಗೆ ಉತ್ತರ ಸಿಕ್ಕಿದ್ದು 2025ರ ಅಕ್ಟೋಬರ್ 15ರಂದು. ಅನುಮತಿಯಿಲ್ಲದ ಮಾಹಿತಿಯನ್ನು ಸಿಬ್ಬಂದಿಯಿಂದ ಕೇಳಿದರೂ ಪಾಸ್ ರದ್ದಾಗಬಹುದೆಂಬ ಹೊಸ ನಿಯಮಗಳಿಗೆ ಸಹಿ ಹಾಕುವ ಬದಲು, ಪೆಂಟಗನ್‌ನ ಹತ್ತಾರು ವರದಿಗಾರರು ಅಂದು ತಮ್ಮ ಪಾಸುಗಳನ್ನು ವಾಪಸ್ ಕೊಟ್ಟು ಹೊರನಡೆದರು. ಎಪಿ, ರಾಯಿಟರ್ಸ್, ನ್ಯೂಯಾರ್ಕ್ ಟೈಮ್ಸ್ ಮಾತ್ರವಲ್ಲ, ಫಾಕ್ಸ್ ನ್ಯೂಸ್ ಕೂಡ ಸಹಿ ಹಾಕಲಿಲ್ಲ. ಒಬ್ಬಳೇ ಪಾಸ್ ಕೊಟ್ಟಿದ್ದರೆ ಅವಳ ಕೆಲಸ ಹೋಗುತ್ತಿತ್ತು, ಅವಳ ಜಾಗಕ್ಕೆ ಇನ್ನೊಬ್ಬರು ಬರುತ್ತಿದ್ದರು. ಎಲ್ಲರೂ ಕೊಟ್ಟಾಗ ಖಾಲಿ ಕುರ್ಚಿಗಳೇ ಸುದ್ದಿಯಾದವು. ಬಾಗಿಲು ತೆರೆಸುವುದಕ್ಕಷ್ಟೇ ಸಂಘ ಎಂದುಕೊಂಡಿದ್ದ ನನಗೆ, ತೆರೆದ ಬಾಗಿಲಿನಿಂದ ಎದ್ದು ಬರುವುದಕ್ಕೂ ಜತೆ ಬೇಕೆಂದು ಅಂದು ತಿಳಿಯಿತು.

ಗೆಳತಿಗೆ ಬರೆದೆ: ‘ಸೇರು. ಆದರೆ ಸದಸ್ಯತ್ವದ ಕಾರ್ಡು ಒಳಗೆ ಹೋಗುವ ಪಾಸಲ್ಲ ಅನ್ನೋದು ನೆನಪಿರಲಿ. ಅಧಿಕಾರಿಯ ಹತ್ತಿರ ಒಂದು ಗಂಟೆ ಕೂತರೆ, ಗೇಟಿನ ಹೊರಗೆ ಮನೆಮಂದಿಯ ಹತ್ತಿರ ಎರಡು ಗಂಟೆ ಕೂರು.’

ಅವಳು ಸೇರಿದಳು. ನೌಕಾಪಡೆಯವನ ಹೆಂಡತಿಯೊಬ್ಬಳು ಮನೆಯ ಗೋಡೆಯ ಬೂಷ್ಟು ತೋರಿಸಲು ಕರೆದಿದ್ದಾಳಂತೆ, ನಾಳೆ ಹೋಗುತ್ತಾಳಂತೆ.