ಲೆಕ್ಕಕ್ಕೆ ಮೊದಲು ಅನ್ವಯ

ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನಿಗೆ ಭೌತಶಾಸ್ತ್ರದ ಲೆಕ್ಕಗಳ ಗೊಡವೆ ಏಕೆಂದು ವಾಚಕರು ಕೇಳಬಹುದು. ಕೇಳತಕ್ಕ ಮಾತೇ ಸರಿ. ಆದರೆ ನಿವೃತ್ತನಾದ ಮೇಷ್ಟರ ಜಗಲಿಗೆ ಬರುವ ಮಕ್ಕಳು ಯಾವ ಪುಸ್ತಕವನ್ನು ಹಿಡಿದು ಬರಬೇಕೆಂಬುದು ಮೇಷ್ಟರ ಕೈಯಲ್ಲಿಲ್ಲ. ಶಬ್ದರೂಪಗಳನ್ನು ಕೇಳಬರುವವರು ವಿರಳ. ಬಲ, ಚಲನೆ, ಇಳಿಜಾರು ಹಲಗೆ ಇವುಗಳ ಲೆಕ್ಕದಲ್ಲಿ ಸಿಕ್ಕಿಕೊಂಡು ಬರುವವರೇ ಹೆಚ್ಚು. ಅವರೊಡನೆ ಕುಳಿತು ನಾನು ಕಂಡುಕೊಂಡ ಸಂಗತಿಯೊಂದನ್ನು ಇಲ್ಲಿ ನಿವೇದಿಸುತ್ತೇನೆ. ಅದೇನೆಂದರೆ, ಈ ಮಕ್ಕಳಲ್ಲಿ ಬಹುಮಂದಿ ಗಣಿತದಲ್ಲಿ ಹಿಂದೆ ಬಿದ್ದವರಲ್ಲ; ಪ್ರಶ್ನೆಯ ವಾಕ್ಯವನ್ನು ಓದುವುದರಲ್ಲಿ ಹಿಂದೆ ಬಿದ್ದವರು.

ನೆರೆಮನೆಯ ಹುಡುಗಿಯೊಬ್ಬಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪದವಿಪೂರ್ವ ತರಗತಿಯಲ್ಲಿ ಇಂಗ್ಲಿಷಿನ ಪುಸ್ತಕಗಳನ್ನು ಹಿಡಿದಳು. ಮೂರು ತಿಂಗಳಾಗುವಷ್ಟರಲ್ಲಿ, “ಮೇಷ್ಟ್ರೇ, ವಿಜ್ಞಾನ ನನ್ನ ತಲೆಗೆ ಹತ್ತುವುದಿಲ್ಲ, ಬೇರೆ ವಿಭಾಗಕ್ಕೆ ಸೇರಿಬಿಡುತ್ತೇನೆ” ಎಂದಳು. ಅವಳ ಪುಸ್ತಕದಲ್ಲಿ ಎರಡು ಪುಟ ತುಂಬ ಸೂತ್ರಗಳಿದ್ದವು. ಒಂದು ಚಿತ್ರವೂ ಇರಲಿಲ್ಲ. ಅಂದಿನ ಪ್ರಶ್ನೆ ಇದು: 160 ಗ್ರಾಂ ರಾಶಿಯ ಚೆಂಡೊಂದು ಸೆಕೆಂಡಿಗೆ 20 ಮೀಟರು ವೇಗದಿಂದ ಬಂದು, ದಾಂಡಿನ ಏಟಿಗೆ ಸಿಕ್ಕಿ, ಬಂದ ದಾರಿಯಲ್ಲಿಯೇ 25 ಮೀಟರು ವೇಗದಿಂದ ಹಿಂದಿರುಗಿತು, ದಾಂಡು ಕೊಟ್ಟ ಆವೇಗವೆಷ್ಟು? ಅವಳು 25ರಲ್ಲಿ 20ನ್ನು ಕಳೆದು, ಉಳಿದ 5ನ್ನು ರಾಶಿಯಿಂದ ಗುಣಿಸಿ ಸುಮ್ಮನೆ ಕುಳಿತಿದ್ದಳು.

ಮೊದಲು ಶಬ್ದಗಳನ್ನು ಬಿಡಿಸಿದೆವು. ವೇಗವೆಂದರೆ ಎಷ್ಟು ಜವದಿಂದ, ಯಾವ ದಿಕ್ಕಿಗೆ ಎಂಬುದು. ಅದು ರಾಶಿಯೊಡನೆ ಗುಣಿಸಲ್ಪಟ್ಟಾಗ ಸಂವೇಗ. ಹೊರಗಿನ ಬಲವೊಂದು ಇಷ್ಟು ಕಾಲ ವರ್ತಿಸಿ ಆ ಸಂವೇಗವನ್ನು ಮಾರ್ಪಡಿಸಿದರೆ, ಆ ಬಲ ಮತ್ತು ಕಾಲಗಳ ಗುಣಲಬ್ಧವೇ ಆವೇಗ. ‘ಸಂ’ ಎಂದರೆ ಕೂಡಿದ್ದು, ‘ಆ’ ಎಂದರೆ ಬಂದು ಸೇರಿದ್ದು ಎಂದು ಹೇಳಿಕೊಟ್ಟೆನು. ವೈಯಾಕರಣರು ಈ ವಿವರಣೆಗೆ ಹುಬ್ಬು ಗಂಟಿಕ್ಕಿಯಾರು. ನೆನಪಿಗೆ ಇಷ್ಟು ಸಾಕು.

ಬಳಿಕ ಅನ್ವಯ. ಶ್ಲೋಕದಲ್ಲಿ ಪದಗಳು ಛಂದಸ್ಸಿಗೆ ಕಟ್ಟುಬಿದ್ದು ಎಲ್ಲೆಲ್ಲಿಯೋ ನಿಂತಿರುವುವು. ಪಾಠಶಾಲೆಯ ವಿದ್ಯಾರ್ಥಿಯು ಮೊದಲು ಕ್ರಿಯಾಪದವನ್ನು ಹಿಡಿದು, ಯಾರು, ಯಾರನ್ನು, ಯಾವುದರಿಂದ, ಎಲ್ಲಿಗೆ ಎಂದು ಕೇಳುತ್ತ ಹೋಗುವನು; ಅರ್ಥವು ತಾನಾಗಿ ಬಿಚ್ಚಿಕೊಳ್ಳುವುದು. ಇಲ್ಲಿಯೂ ಹಾಗೆಯೇ. ಈ ಪ್ರಶ್ನೆಯ ಪ್ರಾಣವು 20 ಎಂಬುದರಲ್ಲಿಲ್ಲ, 25 ಎಂಬುದರಲ್ಲಿಯೂ ಇಲ್ಲ. ‘ಹಿಂದಿರುಗಿತು’ ಎಂಬ ಕ್ರಿಯಾಪದದಲ್ಲಿದೆ. ದಾಂಡು ಬರುವ 20ನ್ನು ಮೊದಲು ಸೊನ್ನೆಗೆ ಇಳಿಸಿ, ಅನಂತರ ಎದುರು ದಿಕ್ಕಿಗೆ 25ನ್ನು ಕೊಡಬೇಕು. ಹಾಗಾದರೆ ವೇಗದ ಮಾರ್ಪಾಡು 45. ಅದನ್ನು 0.16 ಕಿಲೋಗ್ರಾಮಿನಿಂದ ಗುಣಿಸಿದರೆ ಆವೇಗವು 7.2 ನ್ಯೂಟನ್‌-ಸೆಕೆಂಡು. ಚೆಂಡು ದಾಂಡಿಗೆ ತಾಗಿದ್ದುದು ಸೆಕೆಂಡಿನ ನೂರರಲ್ಲೊಂದು ಪಾಲೆಂದು ಇಟ್ಟುಕೊಂಡರೆ ಸರಾಸರಿ ಬಲವು 720 ನ್ಯೂಟನ್‌, ಅಂದರೆ ವಯಸ್ಕನೊಬ್ಬನ ಭಾರದಷ್ಟು! 20 ಮೀಟರು ವೇಗದ ಅದೇ ಚೆಂಡನ್ನು ಹಿಡಿಯುವವನು ಕೈಯನ್ನು ಹಿಂದಕ್ಕೆ ಸೆಳೆದುಕೊಳ್ಳುವುದೇಕೆಂಬುದೂ ಆಗಲೇ ತಿಳಿಯಿತು. ನೂರನೆಯ ಪಾಲಿನಲ್ಲಿ ನಿಲ್ಲಿಸಿದರೆ ಅಂಗೈಗೆ 320 ನ್ಯೂಟನ್‌. ಹತ್ತನೆಯ ಪಾಲಿನವರೆಗೆ ಎಳೆದರೆ 32 ಮಾತ್ರ. ಆ ಹುಡುಗಿ ವಿಭಾಗವನ್ನು ಬದಲಿಸಲಿಲ್ಲ.

ಇಳಿಜಾರಿನ ಲೆಕ್ಕದಲ್ಲಿ ತೊಡಕು ಬೇರೆ. 30 ಡಿಗ್ರಿ ಓರೆಯಾದ ನುಣುಪು ಹಲಗೆಯ ಮೇಲೆ 10 ಕಿಲೋಗ್ರಾಮಿನ ಪೆಟ್ಟಿಗೆಯಿದೆ. ಅದರ ಮೇಲೆ ವರ್ತಿಸುವವರು ಯಾರು ಯಾರು? ಭೂಮಿ, ಹಲಗೆ, ಇಬ್ಬರೇ. ಮಕ್ಕಳಾದರೋ ‘ಕೆಳಕ್ಕೆ ಜಾರಿಸುವ ಬಲ’ವೆಂದು ಮೂರನೆಯ ಕರ್ತೃವನ್ನು ಚಿತ್ರದಲ್ಲಿ ಸೇರಿಸಿಬಿಡುವರು. ವಾಕ್ಯದಲ್ಲಿಲ್ಲದ ಕರ್ತೃವನ್ನು ತಂದರೆ ಅನ್ವಯ ಕೆಡದೆ ಇದ್ದೀತೆ? ಜಾರಿಸುವುದು ಭೂಮಿಯ ಸೆಳೆತದ ಒಂದು ಭಾಗವೇ ಹೊರತು ಬೇರೆಯಲ್ಲ. ಸಮಾಸವನ್ನು ವಿಗ್ರಹಿಸುವಂತೆ 98 ನ್ಯೂಟನ್ನಿನ ಆ ಸೆಳೆತವನ್ನು ಬಿಡಿಸಿದರೆ, ಹಲಗೆಯ ಗುಂಟ 49, ಹಲಗೆಯನ್ನು ಒತ್ತುವುದಕ್ಕೆ ಸುಮಾರು 85. ಒತ್ತುವುದಕ್ಕೆ ಹಲಗೆಯೇ ಸಮನಾಗಿ ಉತ್ತರ ಕೊಡುವುದು. ಉಳಿದ 49ರಿಂದ ಪೆಟ್ಟಿಗೆಯ ವೇಗವು ಸೆಕೆಂಡಿಗೆ 4.9 ಮೀಟರಿನಂತೆ ಏರುವುದು. ಹಲಗೆ ಒರಟಾಗಿದ್ದು ಘರ್ಷಣೆಯ ಗುಣಾಂಕ 0.2 ಆದರೆ, 17 ನ್ಯೂಟನ್‌ ತಡೆಗೆ ಹೋಗಿ 32 ಉಳಿಯುವುದು.

ಓರೆಹಲಗೆಯು ಮಕ್ಕಳನ್ನು ಪೀಡಿಸಲು ಹುಟ್ಟಿದ ವಸ್ತುವಲ್ಲ. ನೇರವಾಗಿ ಬೀಳುವ ವಸ್ತುವಿನ ಚಲನೆಯು ಅಂದಿನ ಸಾಧನಗಳ ಅಳತೆಗೆ ಸಿಕ್ಕದಷ್ಟು ಶೀಘ್ರವಾದುದರಿಂದ, ಗೆಲಿಲಿಯೋ ಕಂಚಿನ ಗುಂಡನ್ನು ಓರೆಯಾದ ತೋಡಿನಲ್ಲಿ ಉರುಳಿಸಿ, ಪಾತ್ರೆಯಿಂದ ಹರಿದ ನೀರನ್ನು ತೂಗಿ ಕಾಲವನ್ನು ಅಳೆದನು. ದೂರವು ಕಾಲದ ವರ್ಗಕ್ಕೆ ಅನುಗುಣವೆಂಬುದನ್ನು 1638ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಬರೆದಿಟ್ಟನು.

ಇದೆಲ್ಲ ನಮ್ಮ ಕಣಾದರಿಗೆ ಮೊದಲೇ ತಿಳಿದಿತ್ತಲ್ಲವೆ ಎಂದು ಕೇಳುವ ಮಿತ್ರರುಂಟು. ವೈಶೇಷಿಕದಲ್ಲಿ ನೋದನ, ಅಭಿಘಾತ ಎಂಬ ಸೂಕ್ಷ್ಮ ಭೇದಗಳಿವೆ. ಬಿಟ್ಟ ಬಾಣವು ಸಂಸ್ಕಾರದಿಂದ ಮುಂದುವರಿದು, ಅದು ಮುಗಿದಾಗ ಗುರುತ್ವದಿಂದ ಬೀಳುವುದೆಂಬ ವಿಚಾರವೂ ಇದೆ. ಏಕೆ ಚಲಿಸುವುದೆಂದು ಅವರು ಗಂಭೀರವಾಗಿ ಕೇಳಿದರು. ಆದರೆ ಎಷ್ಟು ಎಂಬುದಕ್ಕೆ ಲೆಕ್ಕದ ನಿಯಮವನ್ನು ಕಟ್ಟಿಕೊಟ್ಟದ್ದು 1687ರ ನ್ಯೂಟನ್ನನ ಗ್ರಂಥ. ಒಬ್ಬರ ಕೀರ್ತಿಯನ್ನು ಇನ್ನೊಬ್ಬರಿಗೆ ಹೊದಿಸುವುದರಿಂದ ಕಣಾದರಿಗೆ ಗೌರವ ಹೆಚ್ಚುವುದಿಲ್ಲ. ಮಕ್ಕಳಿಗೆ ಲೆಕ್ಕವೂ ಬರುವುದಿಲ್ಲ.

ಆದಕಾರಣ ಮನೆಯ ಹಿರಿಯರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಮಗುವು ಲೆಕ್ಕ ಬರುವುದಿಲ್ಲವೆಂದಾಗ, ಸೂತ್ರ ಯಾವುದೆಂದು ಕೇಳಬೇಡಿರಿ. ಅದು ನಿಮಗೆ ತಿಳಿಯಬೇಕಾಗಿಯೂ ಇಲ್ಲ. ಪ್ರಶ್ನೆಯನ್ನು ಮನೆಯ ಮಾತಿನಲ್ಲಿ ಹೇಳೆನ್ನಿರಿ. ಚಲಿಸುವುದು ಯಾವುದು, ಅದನ್ನು ಮುಟ್ಟಿ ಸೆಳೆಯುವವರು ಯಾರು, ಎಷ್ಟು ಹೊತ್ತು, ಯಾವ ಕಡೆಗೆ? ಇಷ್ಟಕ್ಕೆ ಉತ್ತರ ಹೇಳಿ ಚಿತ್ರ ಬರೆದ ಮಗುವಿಗೆ, ಸೂತ್ರವನ್ನು ಹುಡುಕುವ ಕೆಲಸ ಬಹುಮಟ್ಟಿಗೆ ಉಳಿದಿರುವುದಿಲ್ಲ.